ಅದು ಹಾಕಿದ್ರಾ?

ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಆಗಲೇ ಒಂದು ಸಲ ಗಡಿಯಾರ ನೋಡಿಕೊಂಡಿರುವ ನಮ್ಮ ವ್ಯಾಕರಣ ಮೇಷ್ಟ್ರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಕಿವಿ ಡಾಕ್ಟರೇ, ನಡಿಗೆ ಸಂಘದ ಕಾರ್ಯದರ್ಶಿಗಳೇ, ನಾಳೆ ಬೆಳಗ್ಗೆ ಬೆನ್ನಿಗೆ ಚೀಲ ಏರಿಸಿಕೊಂಡು ಗುಡ್ಡದ ದಾರಿ ಹಿಡಿಯಬೇಕಾಗಿರುವ ಮಹಿಳಾ ತಂಡದವರೇ, ಅವರ ಮನೆಯವರೇ, ಹಿಂದಿನ ಸಾಲಿನಲ್ಲಿ ಕುಳಿತರೆ ಮೆಲ್ಲಗೆ ಜಾರಿಕೊಳ್ಳಬಹುದು ಎಂದುಕೊಂಡಿರುವ ಸಭಿಕರೇ, ಹಾಗೂ ಮೂರನೇ ಸಾಲಿನಲ್ಲಿ ಕೈಕಟ್ಟಿ ಕುಳಿತಿರುವ ನನ್ನ ಹೆಂಡತಿಯೇ.

ನನಗೆ ಕೊಟ್ಟಿರುವ ವಿಷಯ, ‘ಬೆನ್ನುಚೀಲಕ್ಕೆ ಹಾಕಲು ಎಲ್ಲರೂ ಮರೆಯುವ, ಆದರೆ ಬಹಳ ಉಪಯೋಗಕ್ಕೆ ಬರುವ ವಸ್ತುಗಳು’. ಕಾರ್ಯದರ್ಶಿಗಳು ಫೋನ್ ಮಾಡಿ, “ಸಾರ್, ದಯವಿಟ್ಟು ಚಿಕ್ಕದಾಗಿ ಹೇಳಿ” ಅಂದರು. ಚಿಕ್ಕ ವಸ್ತುಗಳ ಬಗ್ಗೆ ದೊಡ್ಡ ಭಾಷಣ ಮಾಡುವುದು ಸರಿಯಲ್ಲ, ಒಪ್ಪುತ್ತೇನೆ. ಆದರೆ ಮೈಕು ಒಂದು ಸಲ ಕೈಗೆ ಸಿಕ್ಕರೆ ನಾನು ಎಂಥವನು ಎಂಬುದು ಅವರಿಗೆ ಗೊತ್ತು, ನಿಮಗೂ ಗೊತ್ತು. ಹಿಂದಿನ ಸಾಲಿನವರು ಈಗಲೇ ಹೋಗುವುದಾದರೆ ನನಗೇನೂ ಬೇಸರವಿಲ್ಲ.

ಮೊದಲಿಗೆ ನನ್ನ ಅರ್ಹತೆಯ ಬಗ್ಗೆ ಎರಡು ಮಾತು. ನಾನು ದೊಡ್ಡ ಚಾರಣಿಗನಲ್ಲ. ಬಸ್ ಡಿಪೋದಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಸರ್ವಿಸ್ ಪೂರ್ತಿ ಕಬ್ಬಿಣದ ಜಾಲರಿಯ ಹಿಂದೆ ಕುಳಿತು ನಟ್ಟು, ಬೋಲ್ಟು, ವಾಷರು, ಬಲ್ಬು ಕೊಡುತ್ತಿದ್ದೆ. ಮೆಕ್ಯಾನಿಕ್ ಬಂದು “ಒಂದು ವಾಷರ್ ಕೊಡಿ” ಅಂದರೆ “ಹಳೇದೆಲ್ಲಿ?” ಎಂದು ಕೇಳುವುದು ನನ್ನ ಧರ್ಮ. ಹಳೆಯದನ್ನು ನೋಡದೆ ಹೊಸದನ್ನು ಕೊಟ್ಟವನಲ್ಲ. ಐವತ್ತು ಜನ ಕೂರುವ ಬಸ್ಸು ಕಿರುಬೆರಳಿನಷ್ಟು ಪಿನ್ನಿಲ್ಲದೆ ನಡುರಸ್ತೆಯಲ್ಲಿ ನಿಂತುಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಹಾಗಾಗಿ ಗುಡ್ಡಕ್ಕೆ ಹೋದಾಗಲೂ ಬೇರೆಯವರು ಟೆಂಟು, ಸ್ಟೌ ಎಂದು ಯೋಚಿಸುತ್ತಿದ್ದರೆ ನಾನು ಪಿನ್ನು, ರಬ್ಬರ್ ಬ್ಯಾಂಡು ಎಂದು ಯೋಚಿಸುತ್ತಿದ್ದೆ. ಅದಕ್ಕೇ ಸಂಘದಲ್ಲಿ ನನ್ನನ್ನು ‘ಚಿಲ್ಲರೆ’ ಎಂದು ಕರೆಯುತ್ತೀರಿ. ಚಿಲ್ಲರೆ ಸಾಮಾನು ಇಟ್ಟುಕೊಂಡವನು ಎಂಬ ಅರ್ಥದಲ್ಲಿ ಎಂದು ನಾನು ನಂಬಿಕೊಂಡಿದ್ದೇನೆ. ಬೇರೆ ಅರ್ಥವಿದ್ದರೆ ಇವತ್ತು ಹೇಳಬೇಡಿ.

ವಿಷಯಕ್ಕೆ ಬರುವ ಮುನ್ನ, ಇಲ್ಲಿ ಕುಳಿತಿರುವ ಎಲ್ಲರ ತಲೆಯಲ್ಲೂ ಓಡುತ್ತಿರುವ ಪ್ರಶ್ನೆಯೊಂದನ್ನು ಮೇಜಿನ ಮೇಲೆ ಇಟ್ಟುಬಿಡುತ್ತೇನೆ. ನಾಳೆಯ ತಂಡಕ್ಕೆ ನಾಯಕಿ ನನ್ನ ಹೆಂಡತಿ. ಆ ದಾರಿಯನ್ನು ಮೊದಲೇ ನಡೆದವರು ಮುಂದಿರಬೇಕು ಎಂಬುದು ಸಂಘದ ನಿಯಮ. ತಂಡದ ಹೆಂಗಸರಲ್ಲಿ ಅದನ್ನು ನಡೆದಿರುವವಳು ಇವಳೊಬ್ಬಳೇ. ಇವಳು ಹೋದರೆ ತಂಡ ಹೋಗುತ್ತದೆ. ಇವಳು ಹೋಗದಿದ್ದರೆ ಎಲ್ಲರೂ ಚೀಲ ಬಿಚ್ಚಬೇಕು. ಹೋಗುತ್ತಾಳೋ, ಇಲ್ಲವೋ? ಕಾರ್ಯದರ್ಶಿಗಳು ಒಂದು ವಾರದಿಂದ ಕೇಳುತ್ತಿದ್ದಾರೆ. ಅವರಿಗೆ ಇವಳು ಕೊಟ್ಟಿರುವ ಉತ್ತರ, “ನಮ್ಮ ಮನೆಯವರನ್ನ ಕೇಳಿ.” ಮನೆಯವರು ಅಂದರೆ ನಾನು. ನನಗೂ ಗೊತ್ತಿಲ್ಲ, ಸ್ವಾಮಿ. ನಿಮ್ಮಷ್ಟೇ ನಾನೂ ಕಾಯುತ್ತಿದ್ದೇನೆ.

ನಾನೇಕೆ ಜೊತೆಗೆ ಹೋಗುತ್ತಿಲ್ಲ? ಅದಕ್ಕೆ ಕಾರಣರಾದವರು ವೇದಿಕೆಯ ಮೇಲೆಯೇ ಇದ್ದಾರೆ. ಕಳೆದ ವರ್ಷ ಅದೇ ಗುಡ್ಡದ ನೆತ್ತಿಯ ಮೇಲೆ, ಎರಡೂ ಕಡೆ ಇಳಿಜಾರಿರುವ ಕಿರುದಾರಿಯಲ್ಲಿ, ನನಗೆ ತಲೆ ಗಿರ್ರೆಂದಿತು. ಆಕಾಶ ಕಾಲ ಕೆಳಗೆ ಬಂತು. ನಾನು ಕುಳಿತುಬಿಟ್ಟೆ. ಆಮೇಲೆ ಡಾಕ್ಟರು ಪರೀಕ್ಷೆ ಮಾಡಿ, ಕಿವಿಯೊಳಗೆ ಮೈಯ ಸಮತೋಲ ಹಿಡಿಯುವ ಭಾಗ ಸೋತಿದೆ ಎಂದರು. “ನೆಲದ ಮೇಲೆ ಎಷ್ಟು ಬೇಕಾದ್ರೂ ನಡೀರಿ. ಗುಡ್ಡ ಮಾತ್ರ ಇನ್ಮೇಲೆ ಬೇಡ” ಎಂದರು. ನಾನು “ಬಿಡಿ ಭಾಗ ಸಿಗುತ್ತಾ?” ಎಂದು ಕೇಳಿದೆ. ಸಿಗುವುದಿಲ್ಲವಂತೆ. ಹಳೆಯದನ್ನು ಬಿಚ್ಚಿ ತೋರಿಸಲು ನಾನು ತಯಾರಿದ್ದರೂ ಸಿಗುವುದಿಲ್ಲವಂತೆ.

ಆ ದಿನ ನನ್ನನ್ನು ಕೆಳಗೆ ಇಳಿಸಿದವಳು ಇವಳೇ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು, ಗಾಬರಿ ಎಂಬುದು ಇವಳ ಜಾತಕದಲ್ಲೇ ಇಲ್ಲ. “ಆ ಕಡೆ ಈ ಕಡೆ ನೋಡ್ಬೇಡಿ. ನನ್ನ ಹಿಮ್ಮಡಿ ನೋಡ್ಕೊಂಡು ಬನ್ನಿ” ಅಂದಳು. ಹಾಗೆಯೇ ಬಂದೆ. ಎಡಗಾಲಿನ ಶೂ ಹಿಂಭಾಗದಲ್ಲಿ ಹೊಲಿಗೆ ಬಿಟ್ಟಿತ್ತು. ಅದನ್ನೇ ನೋಡಿಕೊಂಡು ಬಂದೆ. ಕೆಳಗೆ ಬಂದ ಮೇಲೆ ನಾನು ಹೇಳಿದ ಮೊದಲ ಮಾತು, “ನಿನ್ನ ಶೂ ಹೊಲಿಗೆ ಬಿಟ್ಟಿದೆ.” ಇವಳು ನಕ್ಕು ನಕ್ಕು ಅಲ್ಲೇ ಹುಲ್ಲಿನ ಮೇಲೆ ಕುಳಿತಳು. ಆಮೇಲೆ ನೋಡಿದರೆ ನಗುತ್ತಿರಲಿಲ್ಲ, ಅಳುತ್ತಿದ್ದಳು. ಇರಲಿ. ಇದು ಪ್ಯಾಕಿಂಗ್ ವಿಷಯಕ್ಕೆ ಸಂಬಂಧಪಟ್ಟದ್ದಲ್ಲ.

ಈಗ ವಿಷಯ. ಜನ ವಸ್ತುಗಳನ್ನು ಏಕೆ ಮರೆಯುತ್ತಾರೆ? ನೆನಪಿನ ಶಕ್ತಿ ಕಡಿಮೆಯಾಗಿಯೇ? ಅಲ್ಲ. ಮನೆಯಲ್ಲಿ ಇಬ್ಬರಿದ್ದು, ಒಬ್ಬರು ಹಾಕಿದ್ದಾರೆ ಎಂದು ಇನ್ನೊಬ್ಬರು ತಿಳಿದುಕೊಳ್ಳುವುದರಿಂದ. ನಮ್ಮ ಮನೆಯಲ್ಲಂತೂ ಇದಕ್ಕೆ ವಿಶೇಷ ಕಾರಣವಿದೆ. ನನ್ನ ಹೆಂಡತಿ ಯಾವ ವಸ್ತುವನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲದಕ್ಕೂ ಒಂದೇ ಹೆಸರು. ‘ಅದು’.

“ಅದು ಎಲ್ಲಿಟ್ರಿ?” “ಅದು ಕೊಡಿ ಇಲ್ಲಿ.” “ಬರುವಾಗ ಅದು ತನ್ನಿ.” ಆಪರೇಷನ್ ಕೋಣೆಯಲ್ಲಿ ದೊಡ್ಡ ಡಾಕ್ಟರು ಕೈ ಚಾಚಿ “ಅದು” ಎಂದರೆ ಇವಳು ಸರಿಯಾದ ಕತ್ತರಿಯನ್ನೇ ಕೈಗಿಡಬೇಕಿತ್ತಂತೆ. ಅಲ್ಲಿ ಕಲಿತದ್ದನ್ನು ಮನೆಗೆ ತಂದು ನನ್ನ ಮೇಲೆ ಪ್ರಯೋಗ ಮಾಡಿದಳು. ಅಲ್ಲಿ ಕೊಡುವವಳು ಅವಳು, ಇಲ್ಲಿ ಕೊಡುವವನು ನಾನು.

ನಾವು ಮದುವೆಯಾದ ಹೊಸದರಲ್ಲಿ ಮೊದಲ ಸಲ ಬೆನ್ನುಚೀಲ ಕಟ್ಟಿದಾಗ ಇವಳು ಒಳಗಿನಿಂದ ಕೂಗಿ ಕೇಳಿದಳು, “ರೀ, ಅದು ಹಾಕಿದ್ರಾ?” ನಾನು ಹೊಸ ಗಂಡ. ‘ಯಾವುದು?’ ಎಂದು ಕೇಳಿದರೆ ದಡ್ಡ ಅಂದುಕೊಂಡಾಳು. “ಓ, ಆಗಲೇ ಹಾಕಿದೆ” ಅಂದೆ. ಇವಳು ಕೇಳಿದ್ದು ಬೆಂಕಿಪೊಟ್ಟಣ. ನಾನು ಹಾಕಿದ್ದು ಬೀಗ. ಹೌದು, ನಗಿ. ಟೆಂಟಿಗೆ ಬೀಗ. ಸ್ಟೋರಿನವನಿಗೆ ಬಾಗಿಲು ಎಂದ ಮೇಲೆ ಬೀಗ ಬೇಕೇ ಬೇಕು, ಅದನ್ನು ಮರೆಯದೆ ಕೇಳುವ ಹೆಂಡತಿ ಸಿಕ್ಕಳಲ್ಲ ಎಂದು ಖುಷಿಯಿಂದ ಹಿತ್ತಾಳೆಯದೇ ಆರಿಸಿ ತಂದಿದ್ದೆ. ಬಟ್ಟೆಯ ಟೆಂಟಿಗೆ ಅದನ್ನು ಎಲ್ಲಿ ಸಿಕ್ಕಿಸುವುದು ಎಂದು ಅಲ್ಲಿಗೆ ಹೋದ ಮೇಲೆ ಯೋಚಿಸಿದೆ. ಬೆಂಕಿಯಿಲ್ಲ, ಬಿಸಿನೀರಿಲ್ಲ. ಒಣ ಬ್ರೆಡ್ಡು, ಹಸಿ ಈರುಳ್ಳಿ ತಿಂದೆವು. ಇವಳು ಬೈಯಲಿಲ್ಲ. ಬೀಗವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, “ಬಿಡಿ, ಕಳ್ಳ ಬಂದ್ರೆ ಎಸೆಯೋಕಾಗುತ್ತೆ” ಅಂದಳು. ಅವತ್ತೇ ತೀರ್ಮಾನ ಮಾಡಿದೆ, ಇವಳ ‘ಅದು’ ಏನೆಂದು ಇನ್ನು ಮೇಲೆ ಒಂದು ಸಲವೂ ತಪ್ಪಬಾರದು.

ತಪ್ಪಲೂ ಇಲ್ಲ. ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದರೆ ಪೂರ್ತಿ ವಿವರಿಸಲಾರೆ. ಗಡಿಬಿಡಿಯಲ್ಲಿ ಗಿಡ್ಡಕ್ಕೆ ‘ಅದು’ ಅಂದರೆ ಬೀಗದ ಕೈ. ರಾಗವಾಗಿ ‘ಅದೂ...’ ಅಂದರೆ ಓದುವ ಕನ್ನಡಕ. ಬಂದವರ ಮುಂದೆ ಹುಬ್ಬು ಎತ್ತಿ ಅಂದರೆ ಬಿಸ್ಕತ್ತಿನ ಡಬ್ಬಿ, ಹುಬ್ಬು ಗಂಟು ಹಾಕಿ ಅಂದರೆ ಅದೇ ಡಬ್ಬಿ, ಆದರೆ ಹೊರಗೆ ತರಬಾರದು. ನಮ್ಮ ವ್ಯಾಕರಣ ಮೇಷ್ಟ್ರು ಇದನ್ನೆಲ್ಲ ಸರ್ವನಾಮ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ಅವರು ನಮ್ಮ ಮನೆಯಲ್ಲಿ ಒಂದು ದಿನ ಇದ್ದು ನೋಡಲಿ.

ಹೋದ ವಾರ ಕಾರ್ಯದರ್ಶಿಗಳು ಮನೆಗೆ ಬಂದು, “ಮೇಡಂ, ಈ ಸಲ ತಂಡ ನೀವೇ ಕರ್ಕೊಂಡು ಹೋಗ್ಬೇಕು” ಅಂದರು. ಇವಳು ನನ್ನ ಮುಖ ನೋಡಿದಳು. ನಾನು ತಕ್ಷಣ, ಒಂದು ಕ್ಷಣವೂ ತಡಮಾಡದೆ, “ನಿನ್ನಿಷ್ಟ” ಅಂದೆ.

ಏಕೆ, ಈ ಕಡೆಯ ಮಹಿಳೆಯರು ಏಕೆ ನಗುತ್ತಿದ್ದಾರೆ? ಇದರಲ್ಲಿ ನಗುವಂಥದ್ದೇನಿದೆ? ನಾನು ಹೋಗಬೇಡ ಅಂದೆನೇ? ತಡೆದೆನೇ? ಮುಖ ಗಂಟು ಹಾಕಿದೆನೇ? “ನನ್ನದೇನೂ ಅಭ್ಯಂತರ ಇಲ್ಲ” ಎಂದೂ ಸೇರಿಸಿದೆ. ಇದಕ್ಕಿಂತ ಉದಾರವಾಗಿ ಯಾವ ಗಂಡಸು ಮಾತಾಡಬಲ್ಲ? ನೀವು ನಗುತ್ತಲೇ ಇದ್ದೀರಿ. ಆಗಲಿ.

ಕಾರ್ಯದರ್ಶಿಗಳು ಹೋದ ಮೇಲೆ ಇವಳು ಅಟ್ಟದಿಂದ ಚೀಲ ಇಳಿಸಿ, ದೂಳು ಕೊಡವಿ, ನಡುಮನೆಯಲ್ಲಿ ಇಟ್ಟು ಹೇಳಿದಳು. “ನೋಡಿ, ಇಷ್ಟು ವರ್ಷದಲ್ಲಿ ನೀವಿಲ್ದೆ ಗುಡ್ಡಕ್ಕೆ ನಾನೊಬ್ಳೇ ಹೊರಡ್ತಿರೋದು ಇದೇ ಮೊದಲು. ಮಿಕ್ಕಿದ್ದೆಲ್ಲ ನಾನೇ ಹಾಕ್ಕೋತೀನಿ. ಅದು ಮಾತ್ರ ನೀವೇ ಕೊಡ್ಬೇಕು. ಅದಿಲ್ದೆ ನಾನು ಹೊರಡಲ್ಲ.”

ನಾನು ಇವಳ ಹುಬ್ಬು ನೋಡಿದೆ. ಸ್ವರ ಅಳೆದೆ. ಏನೂ ಹೊಳೆಯಲಿಲ್ಲ. ಜೀವನದಲ್ಲಿ ಮೊದಲ ಸಲ ಬಾಯಿ ಬಿಟ್ಟು ಕೇಳಿದೆ, “ಯಾವುದು?”

ಇವಳಿಗೆ ಬೇಜಾರಾಯಿತು. ಆಗಿದ್ದು ನನಗೆ ಕಾಣಿಸಿತು. “ಕೇಳಿ ಇಸ್ಕೊಳ್ಳೋದಾದ್ರೆ ಅದು ಅದಾಗಲ್ಲ ರೀ” ಎಂದು ಅಡುಗೆಮನೆಗೆ ಹೋದಳು. ವಾರದಿಂದ ಚೀಲ ನಡುಮನೆಯಲ್ಲೇ ಇದೆ. ಬಾಯಿ ಕಟ್ಟಿಲ್ಲ. ನಾನು ಒಂದೊಂದೇ ವಸ್ತು ತಂದು ಅದರ ಮುಂದೆ ಇಡುತ್ತಿದ್ದೇನೆ, ಇವಳು ನೋಡಿ “ಅದಲ್ಲ” ಅನ್ನುತ್ತಿದ್ದಾಳೆ. ಸಭಿಕರೇ, ಇವತ್ತು ನಾನು ನಿಮಗೆ ಹೇಳಲಿರುವ ವಸ್ತುಗಳು ಬೇರೆ ಯಾವುವೂ ಅಲ್ಲ, ಈ ವಾರ ನಮ್ಮ ನಡುಮನೆಯಲ್ಲಿ ತಿರಸ್ಕೃತವಾದವು. ಹಾಗೆಂದು ನೀವು ತಿರಸ್ಕರಿಸಬೇಡಿ, ಎಲ್ಲವೂ ಬಹಳ ಉಪಯೋಗದವು.

ಮೊದಲನೆಯದಾಗಿ ಮೇಣದಬತ್ತಿಯ ತುಂಡು. ಬೆಳಕಿಗಲ್ಲ, ಬೆಳಕಿಗೆ ಟಾರ್ಚಿದೆ. ಟೆಂಟಿನ ಜಿಪ್ಪು, ಚೀಲದ ಜಿಪ್ಪು ಮಣ್ಣು ಕುಡಿದು ಅರ್ಧದಲ್ಲಿ ನಿಂತುಬಿಡುತ್ತದೆ. ಎಳೆದರೆ ಹಲ್ಲು ಕಿತ್ತು ಬರುತ್ತದೆ. ಮೇಣ ಎರಡು ಸಲ ಸವರಿದರೆ ಬೆಣ್ಣೆಯ ಹಾಗೆ ಓಡುತ್ತದೆ. ಇದನ್ನು ಇವಳ ಮುಂದಿಟ್ಟು ಹೇಳಿದೆ, “ನೋಡು, ಟೆಂಟಿನ ಜಿಪ್ ಸಿಕ್ಕಿಹಾಕ್ಕೊಂಡು, ಅದೇ ಹೊತ್ತಿಗೆ ಮಳೆ ಹೊಡೆದು, ಒಳಗಿರೋದೆಲ್ಲ ನೆಂದು, ನಿನಗೆ ನ್ಯುಮೋನಿಯಾ ಬಂದ್ರೆ?” ಇವಳು ಮೇಣದಬತ್ತಿ ನೋಡಿದಳು, ನನ್ನನ್ನು ನೋಡಿದಳು. “ಅದಲ್ಲ.”

ಎರಡನೆಯದು ದೊಡ್ಡ ಪ್ಲಾಸ್ಟಿಕ್ ಚೀಲ, ಕಸದ ಡಬ್ಬಿಗೆ ಹಾಕುತ್ತೇವಲ್ಲ, ಅಂಥದ್ದು. ಬೆನ್ನುಚೀಲಕ್ಕೆ ಹೊರಗಡೆ ಹೊದಿಸುವ ಕವರನ್ನು ಅಂಗಡಿಯವರು ಹೊಗಳಿ ಹೊಗಳಿ ಮಾರುತ್ತಾರೆ. ಬೆನ್ನಿನ ಕಡೆಯಿಂದ ನೀರು ಇಳಿಯುವುದನ್ನು ಹೇಳುವುದಿಲ್ಲ. ಈ ದೊಡ್ಡ ಚೀಲವನ್ನು ಒಳಗೆ ಇಳಿಬಿಟ್ಟು, ಬಟ್ಟೆಯೆಲ್ಲ ಅದರೊಳಗೆ ತುಂಬಿ, ಬಾಯಿ ತಿರುಚಿ ಮಡಿಸಿ. ಹೊಳೆಯಲ್ಲಿ ಬಿದ್ದರೂ ಒಳಗಿನದು ಒಣಗಿರುತ್ತದೆ. ಹಾಗೆಂದೇ ಇವಳಿಗೂ ಹೇಳಿದೆ, ಹೊಳೆಯಲ್ಲಿ ಬಿದ್ದರೆ ಎಂದು. “ಚೀಲ ಬೀಳುತ್ತಾ, ನಾನು ಬೀಳ್ತೀನಾ?” ಎಂದು ಕೇಳಿದಳು. ಎರಡಕ್ಕೂ ತಯಾರಿರಬೇಕು ಎಂದೆ. ಅದೂ ಅದಲ್ಲವಂತೆ.

ಟೇಪಿನ ವಿಷಯ ಬರೆದುಕೊಳ್ಳಿ. ಪೂರ್ತಿ ಸುರುಳಿ ಹೊರಬೇಡಿ, ಅದು ಹೆಡ್ಡತನ. ಅಗಲವಾದ ಬಟ್ಟೆಯ ಟೇಪನ್ನು ಒಂದು ಗಿಡ್ಡ ಪೆನ್ಸಿಲಿಗೆ ಸುತ್ತಿಟ್ಟುಕೊಳ್ಳಿ. ಹರಿದ ಟೆಂಟಿಗೆ, ಕಿತ್ತ ಪಟ್ಟಿಗೆ, ಬಾಯಿಬಿಟ್ಟ ಶೂಗೆ, ಕಾಲಿನ ಬೊಬ್ಬೆಗೆ, ಎಲ್ಲಕ್ಕೂ ಆಗುತ್ತದೆ. ಬೊಬ್ಬೆ ಏಳುವ ಮುನ್ನ, ಚರ್ಮ ಬಿಸಿಯಾದ ಹಾಗೆ ಅನ್ನಿಸಿದಾಗಲೇ ಅಂಟಿಸಬೇಕು. ಇದನ್ನು ವಿವರವಾಗಿ ಇವಳಿಗೆ ತಿಳಿಸುತ್ತಿದ್ದಾಗ ಇವಳು, “ಜನ್ಮವೆಲ್ಲ ಗಾಯ ಕಟ್ಟಿದವಳು ನಾನು. ಬೊಬ್ಬೆಗೆ ಏನು ಮಾಡ್ಬೇಕು ಅಂತ ನೀವು ಹೇಳ್ಕೊಡಿ” ಅಂದಳು. ಹೇಳಿಕೊಡಿ ಎಂದಳಲ್ಲ ಎಂದು ನಾನು ಮುಂದುವರಿಸಿದೆ. ಅದು ವ್ಯಂಗ್ಯ ಎಂದು ಗೊತ್ತಾಗುವ ಹೊತ್ತಿಗೆ ಚಹಾ ತಣ್ಣಗಾಗಿತ್ತು.

ಹಳೆಯ ದಿನಪತ್ರಿಕೆ. ನೆಂದ ಶೂ ಒಳಗೆ ಉಂಡೆ ಮಾಡಿ ತುರುಕಿ ಇಟ್ಟರೆ ಬೆಳಗಾಗುವುದರೊಳಗೆ ನೀರು ಹೀರಿಕೊಳ್ಳುತ್ತದೆ. ಬೆಂಕಿಯ ಹತ್ತಿರ ಶೂ ಇಡುವವರನ್ನು ನೋಡಿದ್ದೇನೆ, ಅಂಟು ಕರಗಿ ಅಡಿ ಕಿತ್ತು ಬರಿಗಾಲಲ್ಲಿ ಇಳಿದಿದ್ದಾರೆ. ಇನ್ನು ಒಂದು ಜೊತೆ ಒಣ ಕಾಲುಚೀಲ, ಅದನ್ನು ಮಲಗುವಾಗ ಬಿಟ್ಟು ಬೇರೆ ಯಾವಾಗಲೂ ಹಾಕಬಾರದು, ಏನೇ ಆಸೆಯಾದರೂ ಹಾಕಬಾರದು. ಕಾಲು ಬೆಚ್ಚಗಿದ್ದರೆ ಅರ್ಧ ಕಷ್ಟ ಮರೆತುಹೋಗುತ್ತದೆ. ಶೂ ಲೇಸು ಒಂದು ಜೊತೆ ಹೆಚ್ಚಿಗೆ. ಲೇಸು ಶೂಗೆ ಮಾತ್ರ ಎಂದು ತಿಳಿಯಬೇಡಿ. ಅದು ಹಗ್ಗ, ಅದು ಬಟ್ಟೆ ಒಣಗಿಸುವ ತಂತಿ, ಅದು ಸೊಂಟದ ಪಟ್ಟಿ. ಇವಿಷ್ಟನ್ನೂ ಒಂದೇ ಸಲ ತಂದು ಸಾಲಾಗಿ ಜೋಡಿಸಿದೆ, ಇದರಲ್ಲಿ ಒಂದಾದರೂ ಇರಲೇಬೇಕು ಎಂದು. ಇವಳು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿ, ಕಾಲುಚೀಲ ಮಾತ್ರ ಎತ್ತಿಟ್ಟುಕೊಂಡು, “ಇದು ಬೇಕಿತ್ತು. ಆದ್ರೆ ಅದಲ್ಲ” ಅಂದಳು.

ಸೀಟಿ. ದಾರಿ ತಪ್ಪಿದಾಗ ಕೂಗಿ ಕೂಗಿ ಗಂಟಲು ಹೋಗುತ್ತದೆ, ಸೀಟಿಗೆ ಉಸಿರು ಸಾಕು. ಚೀಲದೊಳಗೆ ಹಾಕಬೇಡಿ, ಭುಜದ ಪಟ್ಟಿಗೆ ಕಟ್ಟಿ. ಕೆಳಗೆ ಬಿದ್ದು ಕಾಲು ಮುರಿದವರು ಚೀಲದ ಬಾಯಿ ಬಿಚ್ಚಿ ಹುಡುಕಲಾರರು. ಇದನ್ನೂ ಇವಳಿಗೆ ಇದೇ ಮಾತಿನಲ್ಲಿ ಹೇಳಿದೆ. ಇವಳು ಸೀಟಿ ತೆಗೆದುಕೊಂಡು ನನ್ನ ಮುಖಕ್ಕೇ ಎದುರಾಗಿ ಒಂದು ಸಲ ಊದಿದಳು. ಡಾಕ್ಟರು ಕ್ಷಮಿಸಬೇಕು, ಕಿವಿಗೆ ಇದು ಒಳ್ಳೆಯದಲ್ಲ ಎಂದು ಇವಳಿಗೂ ಗೊತ್ತು. ಪಕ್ಕದ ಮನೆಯವರು ಏನಾಯಿತೆಂದು ಹೊರಗೆ ಬಂದರು.

ಇನ್ನು ಹತ್ತಿ. ನಡಿಗೆಗೆ ಹೋದವರು ಮರುದಿನ ಸುಸ್ತಾಗಿರುವುದು ಏರಿನಿಂದಲ್ಲ, ಪಕ್ಕದವರ ಗೊರಕೆಯಿಂದ. ಕಿವಿಗೆ ಇಟ್ಟುಕೊಳ್ಳಲು ಎರಡು ಚಿಟಿಕೆ ಹತ್ತಿ, ತೂಕವಿಲ್ಲ, ಜಾಗವಿಲ್ಲ, ಪ್ರಾಣ ಉಳಿಸುತ್ತದೆ. ಪ್ರತಿ ವರ್ಷ ಇವಳಿಗೆ ಇದನ್ನು ನಾನೇ ತೆಗೆದಿಡುತ್ತಿದ್ದೆ. ಈ ಸಲವೂ ಚಿಕ್ಕ ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಇವಳು ಹೇಳಿದಳು, “ನೀವೇ ಬರಲ್ವಲ್ಲ. ಹತ್ತಿ ಯಾಕೆ?”

ಆಗ ನಾನೂ ನಕ್ಕೆ. ಚೆನ್ನಾಗಿತ್ತು ಮಾತು. ಆಮೇಲೆ ಡಬ್ಬಿಯನ್ನು ವಾಪಸ್ ಕಪಾಟಿಗೆ ಇಡಲು ಹೋದವನು ಕಪಾಟಿನ ಖಾನೆಗಳನ್ನೆಲ್ಲ ಒಂದೊಂದಾಗಿ ತೆರೆದು ಮುಚ್ಚಿದೆ. ಏನೋ ಹುಡುಕುತ್ತಿದ್ದೆ ಎಂದು ಕಾಣುತ್ತದೆ.

ನನ್ನ ನಾದಿನಿ, ಅಂದರೆ ಇವಳ ತಂಗಿ, ಇಲ್ಲೇ ಇವಳ ಪಕ್ಕದಲ್ಲಿ ಕುಳಿತಿದ್ದಾಳೆ, ಮೊನ್ನೆ ಮನೆಗೆ ಬಂದವಳು ಈ ಸಾಲು ಸಾಮಾನು ನೋಡಿ, “ಭಾವ, ಅಷ್ಟೂ ಗೊತ್ತಾಗಲ್ವಾ? ಅದು ಅಂದ್ರೆ ನೀವೇ” ಎಂದು ಕೆನ್ನೆ ಉಬ್ಬಿಸಿ ನಕ್ಕಳು. ನಿಮ್ಮಲ್ಲೂ ಹಲವರು ಹಾಗೇ ಅಂದುಕೊಂಡು ತಲೆಯಾಡಿಸುತ್ತಿದ್ದೀರಿ, ನನಗೆ ಕಾಣುತ್ತಿದೆ. ನನಗೂ ಒಂದು ಗಳಿಗೆ ಮನಸ್ಸು ಹಿಗ್ಗಿತು, ಸುಳ್ಳು ಹೇಳುವುದಿಲ್ಲ. ಆದರೂ ಸಂಶಯ ಬಂದು ಮೇಷ್ಟ್ರಿಗೆ ಫೋನ್ ಮಾಡಿದೆ. ಮೇಷ್ಟ್ರು ಒಂದೇ ಮಾತಿನಲ್ಲಿ ಹೇಳಿದರು, “ಸಾಧ್ಯವೇ ಇಲ್ಲ. ಅದು ನಪುಂಸಕಲಿಂಗ. ಗಂಡ ಎಷ್ಟೇ ನಿಷ್ಪ್ರಯೋಜಕನಾದರೂ ಪುಲ್ಲಿಂಗ.” ಅಧ್ಯಕ್ಷರೇ, ಆ ವಿಶ್ವಾಸಕ್ಕೆ ನಾನು ಋಣಿ. ಕೊನೆಗೆ ಇವಳನ್ನೇ ಕೇಳಿಬಿಟ್ಟೆ, ಅದು ನಾನೇನೇ ಎಂದು. “ನೀವಾ? ನಿಮ್ಮನ್ನ ಹೊತ್ಕೊಂಡು ಗುಡ್ಡ ಹತ್ಲಾ ನಾನು? ಅದಲ್ಲಪ್ಪ” ಅಂದಳು. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ಕಾರ್ಯದರ್ಶಿಗಳು ಕೈಸನ್ನೆ ಮಾಡುತ್ತಿದ್ದಾರೆ. ಮುಗಿಸುತ್ತೇನೆ. ಕೊನೆಯದಾಗಿ ಒಂದು ವಸ್ತು, ಮಡಿಸಿದರೆ ಮುಷ್ಟಿಯಲ್ಲಿ ಹಿಡಿಸುವ ಬಟ್ಟೆಯ ಕೈಚೀಲ. ದೊಡ್ಡ ಚೀಲವನ್ನು ತಂಗುವ ಜಾಗದಲ್ಲಿ ಬಿಟ್ಟು ನೀರು ತರಲು, ಸೌದೆ ಆರಿಸಲು, ಸಾಮಾನು ತರಲು ಹೋಗುವಾಗ ಇದು ಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ, ಮನೆಯಲ್ಲೂ ಮರೆಯುತ್ತಾರೆ. ಇದಕ್ಕೆ ನಿನ್ನೆ ಸಂಜೆ ನಡೆದದ್ದೇ ಸಾಕ್ಷಿ, ತಮಾಷೆಯಾಗಿದೆ, ಕೇಳಿ. ನಾನು ನಡುಮನೆಯಲ್ಲಿ ಕುಳಿತು ಟಾರ್ಚಿನ ಸ್ಪ್ರಿಂಗು ಉಜ್ಜುತ್ತಿದ್ದೆ. ಇವಳು ಚಪ್ಪಲಿ ಹಾಕಿಕೊಂಡು, “ನಿಂಬೆಹಣ್ಣು ಮುಗಿದಿದೆ, ಅಂಗಡಿಗೆ ಹೋಗಿ ಬರ್ತೀನ್ರೀ” ಅಂದಳು. ನಾನು ತಲೆಯೆತ್ತದೆ, “ಹ್ಞೂಂ, ಹೋಗಿ ಬಾ” ಅಂದೆ. ಬಾಗಿಲು ಹಾಕಿದ ಸದ್ದಾಗಲಿಲ್ಲ. ನೋಡಿದರೆ ಇವಳು ಹೊಸ್ತಿಲಲ್ಲೇ ನಿಂತಿದ್ದಾಳೆ, ನನ್ನನ್ನೇ ನೋಡುತ್ತಾ. “ಕೈಚೀಲ ಮರೆತ್ಯಾ?” ಎಂದು ಕೇಳಿದೆ. “ಇಲ್ಲ” ಅಂದಳು. “ನಿಂಬೆಹಣ್ಣಿಗಾದ್ರೆ ಎಷ್ಟು ಸಲೀಸಾಗಿ ಹೇಳ್ತೀರಿ” ಅಂದಳು. ಎಂದವಳೇ ಹೊರಟುಹೋದಳು. ಕೈಚೀಲ ಮೊಳೆಯ ಮೇಲೇ ಇತ್ತು. ನಿಂಬೆಹಣ್ಣುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಮೊಣಕೈಯಿಂದ ಬಾಗಿಲು ತಳ್ಳಿದಳು. ನೋಡಿದಿರಾ? ಆದ್ದರಿಂದ ಬಟ್ಟೆಯ ಕೈಚೀಲವನ್ನು ಯಾವತ್ತೂ...

ನಿಂಬೆಹಣ್ಣಿಗಾದರೆ ಎಷ್ಟು ಸಲೀಸಾಗಿ ಹೇಳುತ್ತೀರಿ.

ಏನು ಹೇಳಿದೆ ನಾನು? ಕೈಚೀಲದ ಮಾತು ಆಮೇಲೆ ಬಂದದ್ದು. ಅದಕ್ಕೂ ಮೊದಲು ಏನು ಹೇಳಿದೆ?

ಒಂದು ನಿಮಿಷ. ಕಾರ್ಯದರ್ಶಿಗಳೇ, ಆ ನೀರಿನ ಲೋಟ ಸ್ವಲ್ಪ ಈ ಕಡೆ ಕೊಡಿ.

ಸಭಿಕರೇ, ಕ್ಷಮಿಸಿ. ಬರೆದುಕೊಂಡು ಬಂದದ್ದರಲ್ಲಿ ಇದು ಇಲ್ಲ. ಇವಳು ಡ್ಯೂಟಿಗೆ ಹೊರಟಾಗ ದಿನಾ ಹೇಳಿದ್ದೇನೆ, ಹೋಗಿ ಬಾ ಎಂದು. ಅಂಗಡಿಗೆ ಹೊರಟಾಗ ಹೇಳಿದ್ದೇನೆ, ತವರಿಗೆ ಹೊರಟಾಗ ಹೇಳಿದ್ದೇನೆ. ಗುಡ್ಡಕ್ಕೆ ಹೊರಟಾಗ ಒಂದು ಸಲವೂ ಹೇಳಿಲ್ಲ. ಹೇಗೆ ಹೇಳುವುದು? ಇಬ್ಬರೂ ಒಟ್ಟಿಗೆ ಹೊಸ್ತಿಲು ದಾಟುತ್ತಿದ್ದೆವು. ಒಳಗೆ ನಿಂತು ಹೇಳುವವರು ಯಾರೂ ಇರುತ್ತಿರಲಿಲ್ಲ. ಈ ವಾರ ಅದನ್ನು ಹೇಳುವ ಜಾಗದಲ್ಲಿ ನಾನು ನಿಂತಿದ್ದೇನೆ. ನಿಂತು ಹೇಳಿದ್ದೇನು? ನಿನ್ನಿಷ್ಟ. ಅಭ್ಯಂತರ ಇಲ್ಲ. ಬಿದ್ದರೆ, ನೆನೆದರೆ, ಮುರಿದರೆ, ದಾರಿ ತಪ್ಪಿದರೆ. ಒಂದು ವಾರ ಪೂರ್ತಿ ಇವಳ ಕೈಗೆ ನಾನು ಕೊಟ್ಟದ್ದು ವಸ್ತುಗಳನ್ನಲ್ಲ, ನನ್ನ ದಿಗಿಲನ್ನು. ಮೇಣದಬತ್ತಿಯಲ್ಲಿ ಸುತ್ತಿ ಕೊಟ್ಟೆ, ಸೀಟಿಗೆ ಕಟ್ಟಿ ಕೊಟ್ಟೆ. ಅದಲ್ಲ ಅಂದಳು. ಸರಿಯಾಗಿಯೇ ಅಂದಳು.

ಮೇಷ್ಟ್ರೇ, ಹೋಗಿ ಬಾ ಎಂಬುದು ಒಂದು ಪದವೋ ಎರಡೋ ನನಗೆ ಗೊತ್ತಿಲ್ಲ. ಎರಡನೆಯ ಅರ್ಧ ನನಗೆ ಸುಲಭ. ಬಾ, ಬೇಗ ಬಾ, ಹುಷಾರಾಗಿ ಬಾ, ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಮೊದಲ ಅರ್ಧವೇ ನನಗೆ ಕಷ್ಟ.

ಏಕೆಂದು ಹೇಳಿಬಿಡಲೇ? ಇಷ್ಟು ಹೇಳಿದ ಮೇಲೆ ಮುಚ್ಚಿಡುವುದೇನಿದೆ. ಇವಳು ಬಿದ್ದುಬಿಡುತ್ತಾಳೆ ಎಂಬ ಭಯ ನನಗಿಲ್ಲ. ಇವಳ ಹಿಮ್ಮಡಿ ನೋಡಿಕೊಂಡು ಬದುಕಿ ಬಂದವನು ನಾನು, ಇವಳ ಹೆಜ್ಜೆ ಎಂಥದ್ದೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ನನ್ನ ಭಯ ಬೇರೆ. ಇವಳು ಹೋಗಿ, ಒಂದು ಪಿನ್ನೂ ಬೇಕಾಗದೆ, ಒಂದು ಸಲವೂ ‘ಅದು ಕೊಡಿ’ ಎಂದು ಹಿಂದೆ ತಿರುಗದೆ, ಚೆನ್ನಾಗಿ ನಡೆದು, ಚೆನ್ನಾಗಿ ನಕ್ಕು, ಬಿಸಿಲಿಗೆ ಕೆಂಪಾಗಿ ವಾಪಸ್ ಬಂದುಬಿಟ್ಟರೆ? ಆಮೇಲೆ ಕೊಡುವವನಿಗೆ ಏನು ಕೆಲಸ? ಈ ಭಯಕ್ಕೆ ನಾನು ಒಂದು ವಾರ ಜಿಪ್ಪು, ಮಳೆ, ನ್ಯುಮೋನಿಯಾ ಎಂದು ಹೆಸರಿಟ್ಟುಕೊಂಡು ಓಡಾಡಿದೆ.

ಸರಿ. ಗೌರವಾನ್ವಿತ ಅಧ್ಯಕ್ಷರ ಅನುಮತಿಯೊಂದಿಗೆ, ನಾಳೆಯ ತಂಡದ ನಾಯಕಿಯಾದ ನನ್ನ ಧರ್ಮಪತ್ನಿಯವರು ಸುಖವಾಗಿ ಹೋಗಿ ಬರಲೆಂದು ಈ ತುಂಬಿದ ಸಭೆಯ ಮುಂದೆ ಹೃತ್ಪೂರ್ವಕವಾಗಿ ಹಾರೈಸುತ್ತೇನೆ.

ತಲೆ ಅಡ್ಡಡ್ಡ ಆಡಿಸುತ್ತಿದ್ದಾಳೆ. ಇದೂ ಅದಲ್ಲ. ಗೊತ್ತು ಮಾರಾಯ್ತಿ, ನನಗೂ ಗೊತ್ತು, ಭಾಷಣದಲ್ಲಿ ಸುತ್ತಿ ಕೊಟ್ಟೆ. ಈ ಮೈಕು ಆ ಕಡೆ ಸರಿಸಿ, ಕಾರ್ಯದರ್ಶಿಗಳೇ. ಪೂರ್ತಿ ಸರಿಸಿ. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೂ ಪರವಾಗಿಲ್ಲ.

ಹೋಗಿ ಬಾ.

ನಾನು ಮನೇಲಿರ್ತೀನಿ. ನೀನು ಹೋಗಿ ಬಾ.

ಎದ್ದಳು. ಚಪ್ಪಾಳೆ ತಟ್ಟುತ್ತಾಳೇನೋ ಎಂದುಕೊಂಡೆ, ಸೀದಾ ಬಾಗಿಲ ಕಡೆ ಹೊರಟಳು. ಚೀಲದ ಬಾಯಿ ಕಟ್ಟುವುದಿದೆ ಅವಳಿಗೆ. ನಾದಿನಿಯನ್ನೂ ಕೈಹಿಡಿದು ಎಳೆದುಕೊಂಡು ಹೋಗುತ್ತಿದ್ದಾಳೆ. ದಾರಿ ಬಿಡಿ ಅವರಿಗೆ. ಕಾರ್ಯದರ್ಶಿಗಳೇ, ನಿಮಗೆ ಉತ್ತರ ಸಿಕ್ಕಿತಲ್ಲ? ತಂಡದವರು ಬೇಗ ಮಲಗಿ, ಬೆಳಗ್ಗೆ ಅವಳು ಯಾರಿಗೂ ಕಾಯುವುದಿಲ್ಲ.

ಮೈಕು ಹಿಂದಕ್ಕೆ ಕೊಡುತ್ತಿದ್ದೀರಾ? ಬೇಡ, ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ. ಗಡಿಯಾರ ನೋಡುವುದನ್ನು ಮರೆತ ಅಧ್ಯಕ್ಷರಿಗೆ, ನನ್ನನ್ನು ನೆಲದ ಮೇಲೆ ಉಳಿಸಿದ ಡಾಕ್ಟರಿಗೆ, ಹೋಗದೆ ಉಳಿದ ಹಿಂದಿನ ಸಾಲಿನವರಿಗೆ, ಒಬ್ಬ ಗಂಡಸು ಎರಡು ಪದ ಹುಡುಕುವ ತನಕ ಇಷ್ಟು ತಾಳ್ಮೆಯಿಂದ ಕುಳಿತಿದ್ದ ನಿಮಗೆಲ್ಲರಿಗೂ ನನ್ನ ಕೃತಜ್ಞತೆ. ನಮಸ್ಕಾರ.